ನಿಂತ ಮುಟ್ಟು ಮರಳಿ ಬಂದಾಗ

ಬೀಜಾಡಿಯ ಸೀತು ಮೂರು ದಿನದಿಂದ ಮೀನಿನ ಬುಟ್ಟಿ ಹೊತ್ತಿರಲಿಲ್ಲ. ಐವತ್ನಾಲ್ಕರ ಪ್ರಾಯ, ಮುಟ್ಟು ನಿಂತು ಎರಡು ವರ್ಷ ಕಳೆದಿತ್ತು. ಈಗ ಮತ್ತೆ ರಕ್ತ ಕಂಡದ್ದೇ ತಡ, ಹಳೇ ಪದ್ಧತಿಯಂತೆ ಚಾಪೆ, ಚೆಂಬು ಹಿಡಿದು ಹೊರಜಗುಲಿಗೆ ಬಂದು ಕೂತೇಬಿಟ್ಟಳು. ನಾಲ್ಕು ತಿಂಗಳಲ್ಲಿ ಇದು ಮೂರನೇ ಸಲ. ಒಳಗೊಳಗೇ ಹೆದರಿಕೆ. ಆದರೆ ಇದನ್ನೆಲ್ಲ ಯಾರಲ್ಲಿ ಹೇಳುವುದು!

ಆಶಾ ಕಾರ್ಯಕರ್ತೆ ವಿನಯಾ ಅಂಗಳಕ್ಕೆ ಬಂದವಳೇ ಕೇಳಿದಳು: "ಹ್ವಾಯ್ ಸೀತಕ್ಕಾ, ಎಂತಕೆ ಹೊರಗ್ ಕೂಕಂಡದ್ದ್?"

"ಮುಟ್ಟ್ ಮತ್ತೆ ಶುರುವಾಯ್ತ್ ಮಾರಾಯ್ತಿ. ಬಿಸ್ಲಂಗೆ ತಿರ್ಗಿ ಉಷ್ಣ ಆದ್ದ್. ನಾಕನೇ ದಿನ ಮಿಂದ್ರೆ ಸಮ ಆತ್ತ್."

"ಇದ್ ಮುಟ್ಟಲ್ಲ ಸೀತಕ್ಕಾ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಆಗಿಪ್ಪೂಕೂ ಸಾಕ್. ಈಗ್ಲೇ ಡಾಕ್ಟ್ರಿಗೆ ಕಾಣ್ಸ್ಕ್."

ಸೀತುವಿಗೆ ಸಿಟ್ಟು ನೆತ್ತಿಗೇರಿತು. "ಥೂ! ಅದ್ ನಡತೆ ಕೆಟ್ಟವ್ರಿಗೆ ಬಪ್ಪು ಕಾಯ್ಲೆ ಅಲ್ದಾ? ಗಂಡ ಬಿಟ್ರೆ ಬೇರೆಯವ್ರ ಮುಖ ಕಂಡವಳಲ್ಲ ನಾನ್!"

"ಇದ್ ನಡತೆ ಮಾತೇ ಅಲ್ಲ. ಎಚ್‌ಪಿವಿ ಅಂಬ ವೈರಸ್. ಸಂಸಾರ ಮಾಡಿದ ಹೆಚ್ಚಿನವ್ರಿಗೆ ಯಾವಾಗಾರೂ ತಾಗಿರತ್ತ್, ಗಂಡಸ್ರಿಗೂ. ಸುಮಾರ್ ಜನಕ್ಕೆ ತನ್ನಷ್ಟಕ್ಕೆ ಹೋತ್ತ್. ಕೆಲವ್ರಿಗೆ ಮಾತ್ರ ವರ್ಷಗಟ್ಲೆ ಒಳಗೇ ಉಳ್ದ್ ಕ್ಯಾನ್ಸರ್ ಮಾಡತ್ತ್. ಬೇಗ ಕಂಡ್ರೆ ಗುಣ ಆತ್ತ್."

"ಗಂಡ್ ಡಾಕ್ಟ್ರ್ ಆದ್ರೆ ನಾ ಬಪ್ಪುದಿಲ್ಲೆ."

"ಹೆಣ್ ಡಾಕ್ಟ್ರೇ ಇದ್ರ್. ನಾನೂ ಒಟ್ಟಿಗೆ ಬತ್ತೆ. ಕಿವಿರ್ ಎತ್ತಿ ಕಾಣ್ದೆ ಒಂದ್ ಮೀನೂ ಬುಟ್ಟಿಗ್ ಹಾಕುವವ್ರಲ್ಲ ನೀವ್. ನಿಮ್ ಮೈ ಕಾಣ್ಸೂಕೆ ಇಷ್ಟ್ ಸಂಕೋಚವಾ?"

ಸೀತು ಚಾಪೆ ಸುತ್ತಿಟ್ಟು ಎದ್ದಳು. ನಾಲ್ಕನೇ ದಿನಕ್ಕೆ ಕಾಯಲಿಲ್ಲ.

ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದರೆ ಕ್ಯಾನ್ಸರೇ ಆಗಿತ್ತು. ಪುಣ್ಯಕ್ಕೆ ಇನ್ನೂ ಆರಂಭ. ಆಪರೇಷನ್ ಆಗಿ, ಮೈಗೆ ಬಲ ಬಂದದ್ದೇ, ಅವಳು ಮಗ ರವಿಚಂದ್ರನನ್ನು ಎದುರು ಕೂರಿಸಿಕೊಂಡಳು. ಮೊಮ್ಮಗಳು ಸ್ವಾತಿಗೆ ಆಗ ಹನ್ನೊಂದು.

"ಹೆಣ್ಣಿಗೆ ಈ ವೈರಸ್ಸಿನ ಲಸಿಕೆ ಹಾಕ್ಸ್."

"ಸಣ್ ಹೆಣ್ಣಲ್ದಾ ಅಬ್ಬಿ, ಈಗ್ಲೇ ಎಂತಕೆ?"

"ತಾಗೂಕೆ ಮುಂಚೆ ಹಾಕ್ರೇ ಹೆಚ್ಚ್ ಉಪ್ಕಾರ ಅಂದ್ರ್ ಡಾಕ್ಟ್ರ್. ನಿನ್ ಹೆಂಡ್ತಿಗೂ ಮೂವತ್ತ್ ದಾಟಿತ್, ಅವ್ಳೂ ಪರೀಕ್ಷೆ ಮಾಡ್ಸ್ಕಣ್ಲಿ. ನಾ ಪಟ್ಟದ್ದ್ ಅವ್ರ್ ಪಡೂಕಾಗ. ನಾಳೆ ನೀ ದೋಣಿಗ್ ಹೋಪುದ್ ಬೇಡ, ಆಸ್ಪತ್ರೆಗ್ ಹೋಪ."

ಮರುದಿನ ರವಿಚಂದ್ರ ಕಡಲಿಗಿಳಿಯಲಿಲ್ಲ. ಮನೆಯವರೆಲ್ಲ ಒಟ್ಟಿಗೇ ಬಸ್ಸು ಹತ್ತಿದರು.

ಅಕ್ಕಂದಿರೇ, ಅಮ್ಮಂದಿರೇ, ಒಂಬತ್ತರಿಂದ ಹದಿನಾಲ್ಕರೊಳಗಿನ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಹಾಕಿಸಿ. ಮೂವತ್ತು ದಾಟಿದವರು, ಏನೂ ತೊಂದರೆ ಇಲ್ಲದಿದ್ದರೂ, ಲಸಿಕೆ ಹಾಕಿಸಿಕೊಂಡಿದ್ದರೂ, ಗರ್ಭಕೋಶದ ಬಾಯಿಯ ಪರೀಕ್ಷೆ ಮಾಡಿಸಿಕೊಳ್ಳಿ. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಡಾಕ್ಟರ ಹತ್ತಿರ ಹೋಗಿ. ನಾಚಿಕೆಯಾದರೆ ನಿಮ್ಮೂರ ಆಶಾ ಕಾರ್ಯಕರ್ತೆಯ ಕಿವಿಯಲ್ಲಿ ಮೆಲ್ಲಗೆ ಹೇಳಿ. ಆದರೆ ಇವತ್ತೇ ಹೇಳಿ.