ಎಡದ ಸೀಟು

"ಇವತ್ತೊಂದ್ ದಿನ ತಡ್ಕೊ ವನಜಾ. ಇನ್ ಜನ್ಮದಂಗೆ ನಿನ್ನ ಈ ಸೀಟಿನ್ ಮೇಲ್ ಕೂರ್ಸುದಿಲ್ಲ. ಒಂದೇ ಒಂದ್ ಮೀನ್ ಹೇರದಿದ್ದ ಗಾಡಿ ತತ್ತೆ. ನಾನೇ ಬಿಟ್ಕಂಡ್ ನಿನ್ನ ಗುಲ್ವಾಡಿಗೆ ಕರ್ಕಂಡ್ ಹೋತೆ. ಕಾಣ್ ಬೇಕಾರೆ."

ಬಚ್ಚ ಹೀಗೆ ಮಾತು ಕೊಟ್ಟದ್ದು ತೊಂಬತ್ತೇಳರ ಮೇ ತಿಂಗಳಲ್ಲಿ, ಮದುವೆಯ ದಿಬ್ಬಣ ವನಜಳ ತವರು ಗುಲ್ವಾಡಿಯಿಂದ ಅವನ ಊರು ಉಪ್ಪುಂದಕ್ಕೆ ಹೊರಟಿದ್ದಾಗ. ಬಾಡಿಗೆಗೆ ಹಿಡಿದ ಜೀಪು ಹೆಮ್ಮಾಡಿ ತಲುಪುವುದರೊಳಗೆ ಹೊಗೆ ಕಾರಿ ನಿಂತುಬಿಟ್ಟಿತ್ತು. ಹಿಂದಿನಿಂದ ಪಾತ್ರೆ ಪರಡಿ ಹೇರಿಕೊಂಡು ಬರುತ್ತಿದ್ದದ್ದು ಬಚ್ಚ ದಿನವೂ ಓಡಿಸುವ ಮೀನಿನ ಟೆಂಪೋ. ಮದುಮಗನೇ ಸ್ಟೇರಿಂಗ್ ಹಿಡಿದ. ಧಾರೆ ಸೀರೆಯ ಮದುಮಗಳು ಎಡದ ಸೀಟಿನಲ್ಲಿ ಕೂತಳು. ಎಷ್ಟು ತೊಳೆದಿದ್ದರೂ ಹೋಗದ ಬಂಗಡೆಯ ವಾಸನೆ. ಸೀಟಿನಡಿಯಲ್ಲೆಲ್ಲೋ ನಿಂತಿದ್ದ ಐಸ್ ನೀರು ಪ್ರತಿ ಬ್ರೇಕಿಗೂ ಮುಂದಕ್ಕೆ ಹರಿದು ಸೀರೆಯ ಅಂಚನ್ನು ನೆನೆಸುತ್ತಿತ್ತು. ವನಜ ಮೀನು ಕಾಣದವಳೇನಲ್ಲ, ಹೊಳೆಯಲ್ಲಿ ಬಲೆ ಬೀಸುವವರ ಮನೆಯ ಹುಡುಗಿ. ಆದರೂ ಮದುವೆಯ ದಿನ ಅಂತ ಒಂದಿರುತ್ತದಲ್ಲ. ಮಲ್ಲಿಗೆ ದಂಡೆಯನ್ನು ಮೂಗಿಗೆ ಒತ್ತಿಕೊಂಡು ಅವಳು ಸದ್ದಿಲ್ಲದೆ ಅತ್ತಿದ್ದಳು.

ಮಾತಿನ ಅರ್ಧವನ್ನು ಬಚ್ಚ ಹಟ ಹಿಡಿದು ಉಳಿಸಿಕೊಂಡ. ಆಮೇಲೆ ಸ್ವಂತ ಟೆಂಪೋ ಮಾಡಿಕೊಂಡ ಮೇಲೂ ವನಜಳನ್ನು ಅದಕ್ಕೆ ಹತ್ತಿಸಲಿಲ್ಲ. ವಿಶಾಲ ಹುಟ್ಟುವಾಗ, ನವ್ಯಾ ಹುಟ್ಟುವಾಗ, ಎರಡು ಸಲವೂ ಆಸ್ಪತ್ರೆಗೆ ಪಕ್ಕದ ಮನೆಯ ರಿಕ್ಷಾವೇ. ಒಮ್ಮೆ ಬಸ್ಸುಗಳ ಮುಷ್ಕರದ ದಿನ ಅವಳು ನಾವುಂದದಿಂದ ನಡೆದು ಬರುತ್ತಿದ್ದಾಗ ಬಚ್ಚನ ಟೆಂಪೋ ಹಿಂದಿನಿಂದ ಬಂತು. ಹತ್ತು ಎಂದು ಅವನು ಹೇಳಲಿಲ್ಲ, ಹತ್ತುತ್ತೇನೆ ಎಂದು ಅವಳೂ ಹೇಳಲಿಲ್ಲ. ಅವಳ ನಡಿಗೆಯ ವೇಗಕ್ಕೇ ಟೆಂಪೋ ಓಡಿಸುತ್ತ, ಕಿಟಕಿಯಿಂದ ಬಂಗಡೆಯ ರೇಟು ಹೇಳುತ್ತ, ಮನೆಯವರೆಗೂ ಪಕ್ಕದಲ್ಲೇ ಬಂದ. ಊರವರು ಅದನ್ನು ಹೇಳಿ ಹೇಳಿ ನಕ್ಕರು.

ಉಳಿದರ್ಧದ ಸುದ್ದಿ ಬಂದದ್ದು ಹತ್ತೊಂಬತ್ತು ವರ್ಷಗಳ ನಂತರ. ಕುಂದಾಪುರದ ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ವಿಶಾಲ ಒಂದು ಸಂಜೆ ಫೋನಿನಲ್ಲಿ ಚಿತ್ರ ತೋರಿಸಿದ. ಇನ್ನೂ ಬಿಡುಗಡೆಯಾಗದ ಗಾಡಿ. ಯಾರೋ ಹೈವೇಯಲ್ಲಿ ಕದ್ದು ತೆಗೆದ ಫೋಟೋ. ಗುರುತು ಸಿಗಬಾರದೆಂದು ಮೈತುಂಬ ಕಪ್ಪು ಬಿಳಿ ಪಟ್ಟೆಯ ಹೊದಿಕೆ ಸುತ್ತಿದ್ದರು.

"ಜೀಪಿನಷ್ಟ್ ಎತ್ರ, ಕಾರಿನಷ್ಟ್ ನಯ ಅಂಬ್ರಪ್ಪ. ಏಳ್ ಜನ ಆರಾಮ್ ಕೂಕಂಬ್ದ್. ಕ್ರಾಸ್‌ಓವರ್ ಅಂತ ಹೇಳ್ತ್ರ್."

ಟೆಂಪೋಗೆ ಮೀನು ಹೇರುವ ಪಾಂಡು ಅಲ್ಲೇ ಜಗಲಿಯಲ್ಲಿ ಕೂತು ಚಾ ಕುಡಿಯುತ್ತಿದ್ದ. "ಎಂತದಾ ಅದ್ ಕ್ರಾಸು? ಜೆರ್ಸಿ ದನದ್ ಕಣೆಗ್ಯಾ? ಹಾಲೂ ಕೊಡ್ತಾ ಎಂತ?"

ಬಚ್ಚ ನಗಲಿಲ್ಲ. ಫೋನನ್ನು ಮುಖದ ಹತ್ತಿರ ಹಿಡಿದು, ಕತ್ತನ್ನು ಸ್ವಲ್ಪ ಓರೆ ಮಾಡಿ, ಬಹಳ ಹೊತ್ತು ನೋಡಿದ. "ಇದೇ," ಅಂದ. "ವನಜಾ, ಇದೇ ಕಾಣ್."

ಅಲ್ಲಿಂದ ಆ ಮನೆಯಲ್ಲಿ ಬೇರೆ ಮಾತೇ ಇಲ್ಲ. ಚೌತಿಗೆ ಬಿಡುಗಡೆ ಅಂದರು. ಬಚ್ಚ ಕುಂದಾಪುರದ ಶೋರೂಮಿಗೆ ಹೋಗಿ ಹೆಸರು ಬರೆಸಿ ಬಂದ. ಪೇಪರಿನಲ್ಲಿ ಬಂದ ಚಿತ್ರವನ್ನು ಕತ್ತರಿಸಿ ಕಪಾಟಿನ ಬಾಗಿಲಿಗೆ ಅಂಟಿಸಿದ. ಒಂದು ಭಾನುವಾರ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಮುಂದೆ ಎರಡು, ನಡುವೆ ಮೂರು, ಹಿಂದೆ ಎರಡು ಅಂತ ಜೋಡಿಸಿ ಎಲ್ಲರನ್ನೂ ಕೂರಿಸಿದ. ನಡುವಿನ ಸಾಲಿನ ಕಿಟಕಿ ಪಕ್ಕ ಯಾರು ಎಂದು ವಿಶಾಲನಿಗೂ ನವ್ಯಾಳಿಗೂ ಜಗಳ ಹತ್ತಿತು. ಬಚ್ಚನ ತಾಯಿ ಅಪ್ಪಿ ಎಲೆ ಅಡಿಕೆಯ ಡಬ್ಬಿ ಸಮೇತ ಹಿಂದಿನ ಕುರ್ಚಿಯಲ್ಲಿ ಕೂತವರು ಎರಡು ನಿಮಿಷದಲ್ಲಿ ಗೊರಕೆ ಹೊಡೆದರು. "ಅಜ್ಜಿ ಗುಲ್ವಾಡಿ ಮುಟ್ಟಿ ಆಯ್ತ್," ಎಂದಳು ನವ್ಯಾ. ವನಜ ಮುಂದಿನ ಎಡದ ಕುರ್ಚಿಯಲ್ಲಿ ಸೆರಗು ಸರಿಮಾಡಿಕೊಂಡು ಕೂತಿದ್ದಳು. ಬಲಗಡೆ ಬಚ್ಚ ಗಾಳಿಯಲ್ಲಿ ಸ್ಟೇರಿಂಗ್ ತಿರುಗಿಸಿದ. ಅವಳಿಗೆ ನಗು ಬಂತು. ಅಷ್ಟರಲ್ಲಿ ಅವರ ಕೆಂಪು ಹೇಂಟೆ ಕೋಳಿ ಮರಿಗಳ ಸಮೇತ ಅವನ ಕಾಲಿನ ಮುಂದಿನಿಂದಲೇ ಹಾದು ಹೋಯಿತು. ಬಚ್ಚ ಕಾಲು ಚಾಚಿದ. ಒಂದು ಮರಿ ಕೀರಲಾಗಿ ಕಿರುಚಿತು.

"ಎಂತ ಅದ್?" ಎಂದ ಬಚ್ಚ, ನೆಲದ ಕಡೆ ಮುಖ ಮಾಡಿ.

ವನಜಳ ನಗು ಅಲ್ಲೇ ನಿಂತಿತು.

ಆಮೇಲೆ ಅವಳು ಲಕ್ಷ್ಯ ಕೊಟ್ಟು ನೋಡತೊಡಗಿದಳು. ಬಚ್ಚ ಮೀನಿನ ಮುಳ್ಳನ್ನು ಬೆರಳಲ್ಲಿ ತಡವಿ ತೆಗೆಯುತ್ತಿದ್ದ. ಲೋಟಕ್ಕೆ ನೀರು ಬಗ್ಗಿಸುವಾಗ ಒಂದು ಬೆರಳನ್ನು ಒಳಗಿಡುತ್ತಿದ್ದ. ಬೆಳಗಿನ ನಾಲ್ಕಕ್ಕೆ ಟೆಂಪೋ ಹೊರಡಿಸುವಾಗ ಗೇಟಿನ ಕಂಬಕ್ಕೆ ಕನ್ನಡಿ ತಾಗಿ ಎರಡು ಸಲ ಒಡೆದಿತ್ತು. ಸಕ್ಕರೆ ಕಾಯಿಲೆ ಎಂಟು ವರ್ಷದಿಂದ ಇತ್ತು, ಮಾತ್ರೆ ನೆನಪಾದರೆ ನುಂಗುತ್ತಿದ್ದ.

"ಕಣ್ಣಿನ್ ಡಾಕ್ಟ್ರ್ ಹತ್ರ ಹೋಪನಾ?" ಎಂದು ಕೇಳಿದಳು.

"ಹೋಪ. ಗಾಡಿ ಬರ್ಲಿ, ಅದ್ರಂಗೇ ಹೋಪ. ಚೌತಿ ಎಂತ ದೂರ ಇತ್ತಾ?"

ಆಗ ಅವಳು ಬೇಡ, ನಾಳೆಯೇ ಬಸ್ಸಿನಲ್ಲಿ ಹೋಗುವ ಅನ್ನಬೇಕಿತ್ತು. ಅನ್ನಲಿಲ್ಲ. ಹೊಸ ಗಾಡಿಯಲ್ಲಿ ಮಣಿಪಾಲಕ್ಕೆ ಹೋಗಿ, ಬರುವಾಗ ಗುಲ್ವಾಡಿಗೂ ಹೊಕ್ಕು ಬಂದರೆ ಎರಡೂ ಕೆಲಸ ಆಯಿತು ಅಂತ ಅವಳ ಮನಸ್ಸಿನೊಳಗೂ ಒಂದು ಲೆಕ್ಕ ಇತ್ತು. ಇದನ್ನು ಅವಳು ಯಾರ ಹತ್ತಿರವೂ ಹೇಳಿಕೊಂಡದ್ದಿಲ್ಲ.

ಮಾರನೆಯ ಬೆಳಿಗ್ಗೆ ಟೆಂಪೋ ಶುರುವಾದ ಸದ್ದಿಗೆ ಅವಳು ತಲೆಗೆ ಶಾಲು ಸುತ್ತಿಕೊಂಡು ಬಂದು ಎಡದ ಬಾಗಿಲು ತೆಗೆದು ಹತ್ತಿದಳು. ಬಚ್ಚ ಎಂಜಿನ್ ಆರಿಸಿದ.

"ಎಂತಕ್ಕೆ ಹತ್ತಿದ್ದ್? ಇಳಿ."

"ಬ್ರಹ್ಮಾವರದಂಗೆ ಸಾಮಾನ್ ತಕಂಡ್ ಬಪ್ಪುಕಿತ್ತ್."

"ಬಸ್ಸಿತ್ತಲೆ."

"ಬಸ್ಸಂಗೆ ರಶ್. ನೀವ್ ಬಿಡಿ."

ಬಚ್ಚ ಮತ್ತೆ ಕೀ ತಿರುಗಿಸಿದ. ಮರುದಿನವೂ ಅವಳು ಹತ್ತಿದಳು. "ಇವತ್ತೂ ಸಾಮಾನಾ?" ಎಂದು ಕೇಳಿದ. "ಹೌದ್," ಎಂದಳು. ಮೂರನೆಯ ದಿನ ಅವನು ಕೇಳಲಿಲ್ಲ.

ಗಂಗೊಳ್ಳಿ ಬಂದರಿನಲ್ಲಿ ಪಾಂಡು ಪೆಟ್ಟಿಗೆಗಳನ್ನು ಹೇರಿ ಹಿಂದೆ ಹತ್ತಿಕೊಳ್ಳುವನು. ಟೆಂಪೋ ತ್ರಾಸಿಗೆ ಬಂದು, ಹೈವೇ ಹಿಡಿದು, ಕುಂದಾಪುರ, ಕೋಟ ದಾಟಿ ಬ್ರಹ್ಮಾವರದ ಮಾರ್ಕೆಟ್ಟಿಗೆ. ದಾರಿಯುದ್ದಕ್ಕೂ ವನಜ ಮಾತಾಡುತ್ತಿದ್ದಳು. ಹೊರಗಿನವರಿಗೆ ಕೇಳಿದರೆ ಬಾಯಿಬಡುಕಿ ಹೆಂಗಸು ಅನ್ನಿಸಬೇಕು, ಹಾಗೆ. "ಅಕಾ, ಆ ದನ ಕಾಣಿ, ನಡು ರಸ್ತೆಯಂಗೇ ಮನಿಕಂಡಿತ್. ಎಷ್ಟ್ ಸೊಕ್ಕ್ ಅದಕ್ಕೆ." ಬಚ್ಚ ನಿಧಾನ ಮಾಡುವನು. "ಎದ್ರಿಗೆ ಬಸ್ಸಿನವ ಹ್ಯಾಂಗ್ ಬತ್ತ ಕಾಣಿ, ಅವ್ನ ಅಪ್ಪನ್ ಮನಿ ರಸ್ತೆ ಕಣೆಗೆ." ಬಚ್ಚ ಎಡಕ್ಕೆ ಎಳೆದುಕೊಳ್ಳುವನು. ಕಣ್ಣಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಉಳಿದದ್ದನ್ನು ಅವನು ನೆನಪಿನಿಂದಲೇ ಓಡಿಸುತ್ತಿದ್ದ. ಎಲ್ಲಿ ಉಬ್ಬು, ಎಲ್ಲಿ ತಿರುವು, ಎಲ್ಲಿ ಸೇತುವೆಯ ಕೀಲು, ಇಪ್ಪತ್ತು ವರ್ಷ ಓಡಿಸಿದ ದಾರಿ ಅವನ ಕೈಕಾಲಿನಲ್ಲೇ ಇತ್ತು.

ಚೌತಿ ಕಳೆಯಿತು. ಶೋರೂಮಿನವರು ದೀಪಾವಳಿ ಅಂದರು. ದೀಪಾವಳಿಗೆ, ಹೊಸ ವರ್ಷ ಕಳೆಯಲಿ ಅಂದರು. ಆ ಹೊಸ ವರ್ಷದ ಮೇಲೆ ಇನ್ನೊಂದು ಚೌತಿಯೂ ಹೋಯಿತು. ಪೇಪರಿನ ಚಿತ್ರ ಹಳದಿಯಾಗಿ ಒಂದು ಮೂಲೆ ಎದ್ದುಬಂತು. ಬಚ್ಚ ಅದನ್ನು ಕೈಯಲ್ಲಿ ತಡವಿ, ಅನ್ನದ ಅಗುಳಿನಿಂದ ಮತ್ತೆ ಅಂಟಿಸಿದ.

ಅಷ್ಟರಲ್ಲಿ ಹೈವೇಯನ್ನು ನಾಲ್ಕು ಪಥ ಮಾಡುವವರು ಆ ಕಡೆಗೂ ಬಂದಿದ್ದರು. ನಿನ್ನೆ ಇದ್ದ ರಸ್ತೆ ಇವತ್ತಿಲ್ಲ. ಒಂದು ದಿನ ಎಡಕ್ಕೆ ತಿರುಗಿಸಿದ್ದನ್ನು ಮರುದಿನ ಬಲಕ್ಕೆ ತಿರುಗಿಸುತ್ತಿದ್ದರು. ಮರಗಳು ಹೋದವು, ಅಂಗಡಿಗಳು ಹಿಂದೆ ಸರಿದವು. ಬಚ್ಚನ ಕೈಕಾಲಿನಲ್ಲಿದ್ದ ದಾರಿ ಒಂದೊಂದೇ ಮಾರು ಸುಳ್ಳಾಗುತ್ತ ಬಂತು. ವನಜ ಮೊದಲಿನಂತೆ ದನ, ಬಸ್ಸು ಅಂತ ಹರಟಿದರೆ ಸಾಲದೆ ಹೋಯಿತು. ಈಗ ಬರೀ "ಎಡಕ್ಕೆ", "ಇನ್ನೂ ಎಡಕ್ಕೆ", "ನಿಲ್ಲಿ" ಎನ್ನುತ್ತಿದ್ದಳು. ಮೂರೂವರೆಗೆ ಎದ್ದು ಅನ್ನಕ್ಕೆ ನೀರಿಟ್ಟು ಹೊರಟವಳು, ಹಿಂತಿರುಗಿ ಬಂದು ಮನೆ ಕೆಲಸ, ಮಧ್ಯಾಹ್ನ ಮೀನು ಒಣಗಿಸುವ ಕೆಲಸ ಮುಗಿಸಿ ಮಲಗುವಾಗ ಹತ್ತು ಹೊಡೆಯುತ್ತಿತ್ತು.

ಜನವರಿಯ ಒಂದು ಬೆಳಿಗ್ಗೆ, ಹೆಮ್ಮಾಡಿಯ ಹತ್ತಿರ, ಅವಳ ಕಣ್ಣು ಒಂದು ಗಳಿಗೆ ಮುಚ್ಚಿತು.

ಕಣ್ಣು ಬಿಟ್ಟಾಗ ಟೆಂಪೋ ಮೂತಿ ಕೆಳಗಾಗಿ ಮೋರಿಗೆ ತೋಡಿದ್ದ ಹೊಂಡದಲ್ಲಿ ನಿಂತಿತ್ತು. ಅಡ್ಡ ಇಟ್ಟಿದ್ದ ಡ್ರಮ್ಮುಗಳು ಉರುಳಿಹೋಗಿದ್ದವು. ಬಂಗಡೆಯೂ ಐಸೂ ಕೆಂಪು ಮಣ್ಣಿನ ಮೇಲೆ ಹರಡಿದ್ದವು. ಯಾರಿಗೂ ಹೆಚ್ಚಿನದೇನೂ ಆಗಿರಲಿಲ್ಲ. ಪಾಂಡುವಿನ ಮೊಣಕಾಲು ತರಚಿತ್ತು. ನಾಲ್ಕು ಜನ ಸೇರಿದರು. ಒಬ್ಬ ಸಮಾಧಾನ ಹೇಳುತ್ತಲೇ ಚೀಲಕ್ಕೆ ಮೀನು ತುಂಬಿಕೊಂಡ.

"ನಿನ್ನೆ ಇಲ್ಲಿ ರಸ್ತೆ ಇತ್ತ್," ಎಂದ ಬಚ್ಚ, ಸ್ಟೇರಿಂಗ್ ಬಿಡದೆ.

"ನಂಗ್ ನಿದ್ರಿ ಬಂತ್," ಎಂದಳು ವನಜ. "ನಂದೇ ತಪ್ಪ್. ನಂಗ್ ಒಂಚೂರ್ ನಿದ್ರಿ ಬಂತ್."

ಪಾಂಡು ಕುಂಟುತ್ತ ಕಿಟಕಿಯ ಹತ್ತಿರ ಬಂದ. "ಅಲ್ದೇ ಅಕ್ಕ, ನೀವ್ ನಿದ್ರಿ ಮಾಡ್ರೆ ಗಾಡಿ ಹೊಂಡಕ್ಕ್ ಬೀಳುದ್ ಎಂತಕೆ? ಗಾಡಿ ಬಿಡುದ್ ಬಚ್ಚಣ್ಣ ಅಲ್ದಾ?"

ಪಾಂಡು ಬಚ್ಚನ ಮುಖವನ್ನು ನೋಡಿದ, ಅವಳ ಮುಖವನ್ನು ನೋಡಿದ. ತನ್ನ ಕೈಯನ್ನು ಬಚ್ಚನ ಕಣ್ಣಿನ ಮುಂದೆ ಮೆಲ್ಲಗೆ ಆಡಿಸಿದ. ಆಮೇಲೆ ಆ ಕೈಯಿಂದಲೇ ತನ್ನ ಬಾಯಿ ಮುಚ್ಚಿಕೊಂಡು ರಸ್ತೆ ಬದಿಗೆ ಹೋಗಿ ಕೂತ.

ಮಣಿಪಾಲಕ್ಕೆ ಬಸ್ಸಿನಲ್ಲೇ ಹೋದರು. ಡಾಕ್ಟರು ದೀಪ ಹಾಕಿ ನೋಡಿದರು, ಯಂತ್ರಕ್ಕೆ ಗಲ್ಲ ಇಡಿಸಿ ನೋಡಿದರು. ಸಕ್ಕರೆಯಿಂದ ಕಣ್ಣಿನ ಹಿಂದಿನ ನರ ಹೋಗಿದೆ, ಎರಡು ವರ್ಷ ಮೊದಲು ಬಂದಿದ್ದರೆ ಉಳಿಸಿಕೊಡಬಹುದಿತ್ತು, ಈಗ ಉಳಿದಿರುವ ಮಂಜು ನೋಟವನ್ನು ಇರುವಷ್ಟು ದಿನ ಇಟ್ಟುಕೊಳ್ಳುವುದಷ್ಟೇ ಅಂದರು.

"ಇಷ್ಟು ದಿನ ಯಾಕೆ ಬರಲಿಲ್ಲ?"

"ಗಾಡಿ ಇರ್ಲಿಲ್ಲ," ಎಂದ ಬಚ್ಚ.

"ಉಪ್ಪುಂದದಿಂದ ಬಸ್ಸಿಲ್ವಾ?"

ವನಜ ಡಾಕ್ಟರ ಮೇಜಿನ ಮೇಲಿದ್ದ ಪ್ಲಾಸ್ಟಿಕ್ಕಿನ ದೊಡ್ಡ ಕಣ್ಣನ್ನು ನೋಡುತ್ತ ಕೂತಿದ್ದಳು.

ವಿಶಾಲ ಮೊಬೈಲ್ ಅಂಗಡಿಯ ಕೆಲಸ ಬಿಟ್ಟ. ಟೆಂಪೋ ರಿಪೇರಿಯಾಗಿ ಬಂದ ದಿನದಿಂದ ಅವನೇ ಓಡಿಸಿದ. ಬಂದರಿನಿಂದ ಬಂದವನು ಅರ್ಧ ಸಾಬೂನು ಮುಗಿಯುವಷ್ಟು ಹೊತ್ತು ಬಚ್ಚಲಿನಲ್ಲಿರುತ್ತಿದ್ದ.

ಗಾಡಿ ಬಿಡುಗಡೆಯಾದದ್ದು ಮಾರ್ಚಿನಲ್ಲಿ. ಶೋರೂಮಿನಿಂದ ಫೋನ್ ಬಂತು: ಮೊದಲ ಪಟ್ಟಿಯಲ್ಲಿ ಹೆಸರಿದೆ, ಬನ್ನಿ. ಓಡಿಸುವವನ ಕಣ್ಣೇ ಹೋದ ಮೇಲೆ ಹೆಸರು ತೆಗೆಸಬೇಕಿತ್ತು, ಅದಕ್ಕೆ ಹೇಗೂ ಹೋಗಲೇಬೇಕು. ಬಚ್ಚ ಎರಡು ಸಲ ಸ್ನಾನ ಮಾಡಿದ. ಬಿಳಿ ಅಂಗಿ ಹಾಕಿಕೊಂಡ. ಬ್ರಹ್ಮಾವರದಲ್ಲಿ ಮೀನು ಇಳಿಸಿ ಬಂದ ಟೆಂಪೋದಲ್ಲೇ ಮೂವರೂ ಹೋದರು.

ಶೋರೂಮಿನ ಒಳಗೆ ತಣ್ಣಗಿತ್ತು. ಗಾಡಿಯ ಮೇಲಿನ ಹೊದಿಕೆ ತೆಗೆದು, ಬಾನೆಟ್ಟಿಗೆ ಹೂ ಹಾಕಿದ್ದರು. ಬಚ್ಚ ಅದರ ಸುತ್ತ ಒಂದು ಸುತ್ತು ಬಂದ, ಕೈ ಆಡಿಸುತ್ತ. "ಬಿಳಿ ಅಲ್ದಾ?" ಎಂದ. ಗಾಡಿ ಕೆಂಪಗಿತ್ತು. "ಹೌದ್," ಎಂದಳು ವನಜ.

"ಕೂತು ನೋಡಿ ಸಾರ್," ಎಂದ ಅಲ್ಲಿಯ ಹುಡುಗ, ಬಾಗಿಲು ತೆಗೆದು.

ಬಚ್ಚ ಹೆಗಲಿನ ಬೈರಾಸವನ್ನು ಸೀಟಿನ ಮೇಲೆ ಹಾಸಿ, ಅದರ ಮೇಲೆ ಕೂತ. ವನಜ ಎಡಗಡೆ ಕೂತಳು. ಬಗ್ಗುವುದೂ ಬೇಡ, ಹತ್ತುವುದೂ ಬೇಡ, ಸರಿಯಾಗಿ ಸೊಂಟದ ಎತ್ತರಕ್ಕೇ ಸೀಟು. ಹೊಸ ಪ್ಲಾಸ್ಟಿಕ್ಕಿನ ವಾಸನೆ. ಬಾಗಿಲು ಹಾಕಿದ ಮೇಲೆ ಹೊರಗಿನ ಒಂದು ಸದ್ದೂ ಇಲ್ಲ. ಬಚ್ಚ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು ನೇರ ಮುಂದೆ ನೋಡಿದ.

"ಎದ್ರಿಗ್ ಎಂತ ಇತ್ತ್?"

ವನಜ ಎದುರಿನ ಶೋರೂಮಿನ ಗೋಡೆಯನ್ನು ನೋಡಿದಳು. "ಗ್ವಾಡಿ," ಎಂದಳು.

"ಗ್ವಾಡಿಯಾ."

ಬಚ್ಚ ಸ್ಟೇರಿಂಗಿನಿಂದ ಕೈ ತೆಗೆದ. "ಇಳಿವ," ಎಂದ. ಇಳಿದ ಮೇಲೆ ಬೈರಾಸವನ್ನು ಕೊಡವದೆ, ಮಡಚಿ ಹೆಗಲಿಗೆ ಹಾಕಿಕೊಂಡ. ವಿಶಾಲ ಒಳಗೆ ಹೋಗಿ ಹೆಸರು ತೆಗೆಸಿ ಬಂದ.

ಮರಳುವಾಗ ಬಚ್ಚ ಮಗನ ಪಕ್ಕ, ಗೇರಿನ ಹತ್ತಿರ ಕೂತ. ವನಜ ಎಡದ ಸೀಟಿನಲ್ಲಿ. ಹೆಮ್ಮಾಡಿ ದಾಟುವಾಗ ಅವಳ ಬಾಯಿ ತನ್ನಷ್ಟಕ್ಕೇ ಆಡಿತು: "ಅಕಾ, ಬಸ್ ಬಂತ್ ಕಾಣಿ."

"ನಂಗ್ ಕಾಣ್ತ್ ಅಮ್ಮ," ಎಂದ ವಿಶಾಲ.

ಮಗ ಬ್ರೇಕು ಒತ್ತಿದ. ಸೀಟಿನಡಿಯಿಂದ ಐಸ್ ನೀರು ಮುಂದಕ್ಕೆ ಹರಿದು ಬಂದು ಸೀರೆಯ ಅಂಚನ್ನು ನೆನೆಸಿತು. ಅವಳು ಕಾಲು ಎತ್ತಲಿಲ್ಲ. ಗುಲ್ವಾಡಿಗೆ ತಿರುಗುವ ದಾರಿ ಆಗಲೇ ಹಿಂದೆ ಹೋಗಿತ್ತು.

ಬಚ್ಚ ಕೊಟ್ಟ ಮಾತು ನಡೆಯಲಿಲ್ಲ.