ಮತ್ತೆಲ್ಲಿ ಮಲಗಿದ್ದ ಕೇಳು

ಮೊಬೈಲ್ ಪರದೆಯ ಮೇಲೆ ಆ ಹಾಳು ಚಕ್ರ ಇನ್ನೂ ಸುತ್ತುತ್ತಲೇ ಇದೆ, ಮಂಡ್ಯದ ಆಸ್ಪತ್ರೆಯಿಂದ ವಿಡಿಯೊ ಬಂದಿದೆ, ತೆರೆದುಕೊಳ್ಳುತ್ತಿಲ್ಲ, ಅರಕೆರೆಯ ನೆಟ್‌ವರ್ಕಿಗೆ ಇವತ್ತೇ ಸೋಮಾರಿತನ ಹಿಡಿಯಬೇಕೆ, ಡಾಕ್ಟರ್ ಯಶಸ್ವಿನಿ ಮೊಬೈಲನ್ನು ಕಿಟಕಿಯ ಹತ್ತಿರ ಹಿಡಿದಿದ್ದಾಳೆ, ಬೇಗ ಬಾರೋ ಮಾರಾಯ — ಮಂಚಯ್ಯ ಕಣ್ಣು ಬಿಟ್ಟನೋ ಇಲ್ಲವೋ, ಅಷ್ಟು ಗೊತ್ತಾದರೆ ಸಾಕು. ಮೊನ್ನೆ ಬೆಳಿಗ್ಗೆ ಅವಳ ಈ ಸಣ್ಣ ಆಸ್ಪತ್ರೆಯ ಇದೇ ಬೆಂಚಿನ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತಿದ್ದ, ರೆಪ್ಪೆಗಳು ಅರ್ಧ ಶಟರ್ ಎಳೆದ ಅಂಗಡಿಯ ಹಾಗೆ ಜೋತುಬಿದ್ದು, ಪಕ್ಕದಲ್ಲಿ ಹೆಂಡತಿ ಯಶೋದಮ್ಮ, ರಾತ್ರಿಯೆಲ್ಲ ಆಲೆಮನೇಲಿ ಬೆಲ್ಲದ ಕೊಪ್ಪರಿಗೆ ಮುಂದೆ ನಿದ್ದೆಗೆಟ್ಟವ್ರೆ ಕಣವ್ವ, ಅದ್ಕೇಯ ಕಣ್ಣು ಎಳೀತಾ ಅವೆ, ಯಶಸ್ವಿನಿಯೂ ನಂಬಿಬಿಟ್ಟಳಲ್ಲ, ಆಲೆಮನೆಯ ಊರಲ್ಲೇ ಬೆಳೆದವಳು, ಬೆಲ್ಲ ಕಾಯಿಸುವವರ ಕಣ್ಣು ಹೀಗೇ ಎಂದು ಬಲ್ಲವಳು! ಆದರೂ ಆ ಪುಟ ನೆನಪಾಯಿತು, ನಾಗಮಂಗಲದ ಡಾಕ್ಟರ್ ಶಿವಶಂಕರ್ ಅಂತರ್ಜಾಲದಲ್ಲಿ ತೆರೆದಿಟ್ಟದ್ದು, ಸುತ್ತಲಿನ ತಾಲ್ಲೂಕುಗಳ ಡಾಕ್ಟರುಗಳೂ ವಿದ್ಯಾರ್ಥಿಗಳೂ ಒಬ್ಬರದನ್ನೊಬ್ಬರು ತಿದ್ದಿ, ಜಗಳವಾಡಿ ಬೆಳೆಸಿದ್ದು — ಹೊಟ್ಟೆನೋವಿನ ಜೊತೆ ರೆಪ್ಪೆ ಜೋತಿದ್ದರೆ ನೆಲದ ಮೇಲೆ ಮಲಗಿದ್ದರಾ ಕೇಳಿ, ಕಟ್ಟುಹಾವು ರಾತ್ರಿ ಮಲಗಿದವರನ್ನೇ ಕಚ್ಚುವುದು, ಕಚ್ಚಿದ ಜಾಗದಲ್ಲಿ ನೋವಿರುವುದಿಲ್ಲ, ಗುರುತೂ ಕಾಣದು. ಕೇಳಿದಳು. ನೆಲದ ಮ್ಯಾಲಾ, ಇಲ್ಲ ಕಣವ್ವ. ಸರಿ, ಹಾವಲ್ಲ, ಗ್ಯಾಸ್ಟ್ರಿಕ್ಕು, ಮಾತ್ರೆ ಬರೆಯಲು ಪೆನ್ನು ಎತ್ತಿಯೂ ಆಗಿತ್ತು — ಅಯ್ಯೋ ದೇವರೇ, ಮನೆಗೆ ಕಳಿಸಿಬಿಡುತ್ತಿದ್ದಳು! ಅಷ್ಟರಲ್ಲಿ, ಅವಳು ಪುಟಕ್ಕೆ ಹಾಕಿದ್ದ ಮಂಚಯ್ಯನ ಕಣ್ಣಿನ ವಿಡಿಯೊ ನೋಡಿ ಶಿವಶಂಕರ್ ಫೋನಿನಲ್ಲೇ ಕೂಗಿಕೊಂಡರು, ನೆಲ ಅಲ್ದಿದ್ರೆ ಮತ್ತೆಲ್ಲಿ ಮಲಗಿದ್ದ ಕೇಳಮ್ಮ, ಬೇಗ ಕೇಳು — ಕಬ್ಬಿನ ಸಿಪ್ಪೆ ರಾಶಿ ಮ್ಯಾಲೆ ಕಣವ್ವ, ಮೆತ್ತಗಿರ್ತದಲ್ಲ, ಒಂದ್ ಗಳ್ಗೆ ಒರಗವ್ರೆ. ಸಿಪ್ಪೆ ರಾಶಿ! ಇಲಿಗಳ ಸಂತೆ ಅದು, ಹಾವಿಗೆ ಇನ್ನೇನು ಬೇಕು, ಪುಟದಲ್ಲಿ ನೆಲ ಎಂದಿತ್ತು, ಇವಳೂ ನೆಲ ಎಂದೇ ಕೇಳಿದಳು, ಯಶೋದಮ್ಮ ನಿಜವನ್ನೇ ಹೇಳಿದ್ದಳು — ಹಾವಿನ ವಿಷ ಇಳಿಸುವ ಮದ್ದಿನ ಸೀಸೆ ಒಡೆ, ಡ್ರಿಪ್ ಹಾಕು, ಆಂಬುಲೆನ್ಸು, ಮಂಡ್ಯದವರೆಗೂ ಉಸಿರಿನ ಚೀಲ ಒತ್ತಿ ಒತ್ತಿ ಕೈ ಮರಗಟ್ಟಿತ್ತು, ಮಂಚಯ್ಯನ ರೆಪ್ಪೆ ಪೂರ್ತಿ ಮುಚ್ಚಿತ್ತು. ವಾಪಸು ಬಂದವಳೇ ಪುಟ ತಿದ್ದಿದಳು, ನೆಲ ಅಳಿಸಿ ಎಲ್ಲಿ ಮಲಗಿದ್ದಿರಿ ಎಂದು ಬರೆದಳು, ಬರೆಯುತ್ತಿದ್ದಂತೆಯೇ ಕೆ.ಆರ್. ಪೇಟೆಯಿಂದ ಯಾರೋ ಹುಲ್ಲಿನ ಮೆದೆ ಎಂದು ಸೇರಿಸಿದರು, ಪಾಂಡವಪುರದ ವಿದ್ಯಾರ್ಥಿನಿ ಶ್ವೇತ ಕೊಟ್ಟಿಗೆಯ ಅಟ್ಟ ಎಂದಳು, ಕಣ್ಣೆದುರೇ ಸಾಲುಗಳು ಹುಟ್ಟುತ್ತಿವೆ, ಎಷ್ಟು ಖುಷಿ, ಕುಣಿಯಬೇಕು ಅನ್ನಿಸಿತ್ತು, ಆದರೆ ಮಂಚಯ್ಯ ಉಳಿಯದಿದ್ದರೆ ಈ ಪುಟ ತೆಗೆದುಕೊಂಡು ಯಶೋದಮ್ಮ ಏನು ಮಾಡಬೇಕು — ಚಕ್ರ ನಿಂತಿತು, ಬಂತು, ಬಂತು! ಬಿಳಿ ದಿಂಬು, ಮೂಗಿನ ಕೊಳವೆ, ಯಶೋದಮ್ಮನ ದನಿ, ಇತ್ಲಾಗ್ ನೋಡಿ, ಕಣ್ ಬುಡಿ, ರೆಪ್ಪೆ ಅಲುಗಿತು, ಕುಸಿಯಿತು, ಬುಡೀ ಅಂದ್ರೆ, ಮತ್ತೆ ಅಲುಗಿತು, ಎದ್ದಿತು, ಅದರಡಿ ಕಪ್ಪು ಗುಡ್ಡೆ, ಹೆಂಡತಿಯ ಕಡೆಗೆ ತಿರುಗಿತು, ರೆಪ್ಪೆ, ಎದ್ದು ನಿಂತ ಆ ರೆಪ್ಪೆ —