ಎಡಗೈಯ ಗರಿ

ನನ್ನ ನಾಲಿಗೆ ಸರಿಯಿಲ್ಲ ಎಂಬುದು ಹರಾಜುಮನೆಯಲ್ಲಿ ಎಲ್ಲರಿಗೂ ಗೊತ್ತು. ಹಳೆಯ ಉಡುಪು ಮಾರಲು ತರುವವರು ಮೊದಲು ನನ್ನ ಮೇಜಿಗೆ ಬರಬೇಕು; ಅಸಲಿಯೋ ಅಲ್ಲವೋ ನೋಡಿ ವರದಿ ಬರೆಯುವವಳು ನಾನು. ಅಜ್ಜಿ ಮದುವೆಯಲ್ಲಿ ತೊಟ್ಟದ್ದು, ಇಂಥ ದೊಡ್ಡ ಹೊಲಿಗೆಮನೆಯದ್ದು ಎಂದು ಪುರಾಣ ಶುರುಮಾಡುತ್ತಾರೆ. ನಾನು ಬಟ್ಟೆಯ ಒಳಮೈ ಹೊರಗೆ ತಿರುಗಿಸಿ, ಪಕ್ಕದಿಂದ ಓರೆಯಾಗಿ ದೀಪ ಹಿಡಿದು, ‘ನಿಮ್ಮಜ್ಜಿ ಮದುವೆ ಹೊತ್ತಿಗೆ ಈ ಥರದ ದಾರ ಹುಟ್ಟೇ ಇರ್ಲಿಲ್ಲ’ ಎನ್ನುತ್ತೇನೆ. ಕೆಲವರು ಅಲ್ಲೇ ಅತ್ತುಬಿಟ್ಟಿದ್ದಾರೆ. ಒಬ್ಬಾಕೆಯಂತೂ ಪೆಟ್ಟಿಗೆಯನ್ನು ನನ್ನ ಮೇಲೇ ಎಸೆದು, ‘ನಿನ್ನ ಸುಳ್ಳೂ ಒಂದಿನ ಹೊರಗೆ ಬರುತ್ತೆ, ಆಗ ನೋಡ್ತೀನಿ’ ಎಂದು ಹೋದಳು. ಹೋಗಲಿ ಬಿಡಿ. ಮೂವತ್ತೊಂದು ವರ್ಷ ನಾನು ಬರೆದ ವರದಿಯನ್ನು ಯಾರೂ ಎರಡನೇ ಸಲ ಪರೀಕ್ಷಿಸಿದ್ದಿಲ್ಲ. ಆ ಜಂಬ ನನಗಿತ್ತು, ಚೆನ್ನಾಗಿಯೇ ಇತ್ತು.

ಆ ಗೌನು ಬಂದದ್ದು ಒಂದು ಸೋಮವಾರ. ಕಡುಹಸಿರು ರೇಷ್ಮೆ. ಎಂದೋ ಬಾಗಿಲು ಮುಚ್ಚಿದ ಹೆಸರುವಾಸಿ ಹೊಲಿಗೆಮನೆಯಲ್ಲಿ, ಒಬ್ಬಳೇ ಒಬ್ಬಳು ಸಿರಿವಂತೆಯ ಅಳತೆಗೆ ಕೈಯಲ್ಲೇ ಹೊಲಿದದ್ದು. ಬೆನ್ನ ಮೇಲೆ ಎರಡು ಭುಜಗಳಿಂದ ಕೆಳಗಿನ ಅಂಚಿನವರೆಗೆ ಎರಡು ಉದ್ದನೆಯ ಗರಿಗಳು; ಬೂದುಬೆಳ್ಳಿ ಬಣ್ಣದ ರೇಷ್ಮೆದಾರದ ಕಸೂತಿ. ಎತ್ತಿ ಆಡಿಸಿದರೆ ಎರಡೂ ಗರಿಗಳು ಒಟ್ಟಿಗೇ ಹೊಳೆದು ಒಟ್ಟಿಗೇ ಮಂಕಾಗುತ್ತಿದ್ದವು.

ಒಳಮೈ ತಿರುಗಿಸಿದೆ. ಬಲಗರಿಯ ಹೊಲಿಗೆಗಳು ಎಲ್ಲ ಕಡೆಯಂತೆ ಒಂದು ದಿಕ್ಕಿಗೆ ಓರೆಯಾಗಿದ್ದವು. ಎಡಗರಿಯವು ಕನ್ನಡಿಯಲ್ಲಿ ಕಂಡ ಹಾಗೆ ಅದಕ್ಕೆ ಸರಿಯಾಗಿ ತಿರುಗುಮುರುಗು. ಎಡಗರಿಯ ದಾರದ ಕೊನೆಗಳಲ್ಲಿ ಎಲ್ಲೂ ಗಂಟಿಲ್ಲ. ಸಾಸಿವೆಯಷ್ಟು ಚಿಕ್ಕ ಮೂರು ಹಿಮ್ಮುಖ ಹೊಲಿಗೆ, ಅವುಗಳ ಮೇಲೆ ಅಡ್ಡಲಾಗಿ ನಾಲ್ಕನೆಯದು. ಗಂಟು ಹಾಕುವುದು ಸೋಮಾರಿಗಳ ಕೆಲಸ ಎಂದು ಬೈದು ಬೈದು ಅದನ್ನು ಕಲಿಸಿದವಳು ನನ್ನ ಅಮ್ಮ. ಕಲಿತವರು ನಾವಿಬ್ಬರೇ ಹೆಣ್ಣುಮಕ್ಕಳು. ನಾನು ಬಲಗೈಯವಳು. ಕುರ್ಚಿ ಎಳೆದುಕೊಂಡು ಕೂತೆ. ಅದು ನನ್ನ ಅಕ್ಕನ ಕೈ.

ಅಕ್ಕ ಎಡಚಿ. ಅದನ್ನು ಬಿಡಿಸಬೇಕೆಂದು ಅಮ್ಮ ಮಾಡದ ಕಸರತ್ತಿಲ್ಲ. ಹೊಲಿಯಲು ಕೂರಿಸಿದಾಗೆಲ್ಲ ಅವಳ ಎಡಗೈಯನ್ನು ಬಟ್ಟೆಪಟ್ಟಿಯಲ್ಲಿ ಕುರ್ಚಿಯ ಕಾಲಿಗೆ ಕಟ್ಟುತ್ತಿದ್ದಳು. ಮಣಿಕಟ್ಟಿನ ಮೇಲೆ ಕೆಂಪು ಬಳೆಯ ಹಾಗೆ ಗುರುತು ಬಿದ್ದಿರುತ್ತಿತ್ತು. ಇಷ್ಟಾಗಿಯೂ ಆ ಕೈ ಬಗ್ಗಲಿಲ್ಲ. ಕೊನೆಗೆ ಅದರ ಬೆಲೆ ತಿಳಿದದ್ದು ಅಕ್ಕ ಕೆಲಸಕ್ಕೆ ಸೇರಿದ ಆ ಹೊಲಿಗೆಮನೆಯ ಮೇಲ್ವಿಚಾರಕಿಗೆ. ರೇಷ್ಮೆದಾರ ಮಲಗಿದ ದಿಕ್ಕಿಗೆ ತಕ್ಕ ಹಾಗೆ ಹೊಳೆಯುತ್ತದೆ. ಒಂದೇ ಕೈ ಎರಡೂ ಪಕ್ಕ ಹೊಲಿದರೆ ತೊಟ್ಟವಳು ನಡೆಯುವಾಗ ಒಂದು ಪಕ್ಕ ಮಿಂಚುತ್ತದೆ, ಇನ್ನೊಂದು ಸತ್ತಿರುತ್ತದೆ. ಆಕೆ ಬಲಪಕ್ಕವನ್ನು ಅಲ್ಲಿನ ಒಬ್ಬ ಬಲಗೈ ಕೆಲಸದವಳಿಗೆ, ಎಡಪಕ್ಕವನ್ನು ಅಕ್ಕನಿಗೆ ಕೊಟ್ಟು, ಇಬ್ಬರನ್ನೂ ಎದುರುಬದುರು ಕೂರಿಸಿದಳು. ‘ನನ್ನ ಎಡಗೈಗೆ ಅಲ್ಲಿ ರಾಜಮರ್ಯಾದೆ ಕಣೆ’ ಎಂದು ಅಕ್ಕ ನನಗೆ ಹೇಳಿದ್ದಳು. ‘ಮೆಲ್ಲಗೆ ಮಾತಾಡು, ಬಲಗೈಗೆ ಹೊಟ್ಟೆಕಿಚ್ಚಾಗುತ್ತೆ.’ ಒಂದು ಜೊತೆ ಗರಿ ಹೊಲಿಯುತ್ತಿದ್ದೇನೆ ಎಂದೂ ಹೇಳಿದ್ದಳು. ಆಗ ನನಗೆ ಹನ್ನೆರಡು ವರ್ಷ.

ಆ ವರ್ಷವೇ ಅಕ್ಕ ಎದೆಯ ಕಾಯಿಲೆಯಿಂದ ತೀರಿಕೊಂಡಳು. ಅಂಟುರೋಗ ಎಂದು ಅವಳ ಬಟ್ಟೆ, ಹಾಸಿಗೆ, ಅವಳು ಹೊಲಿದ ಪರದೆ, ಕೊನೆಗೆ ಸೂಜಿದಾರದ ಮರದ ಪೆಟ್ಟಿಗೆಯನ್ನೂ ಸುಡಿಸಿದರು. ಬೆಂಕಿ ಹಚ್ಚಿದವಳು ಅಮ್ಮನೇ. ನಲವತ್ತೈದು ವರ್ಷ ನಮ್ಮ ಮನೆಯಲ್ಲಿ ಅಕ್ಕನ ಕೈಯಿಂದ ಬಂದ ಒಂದು ಎಳೆಯೂ ಇರಲಿಲ್ಲ. ಈಗ ಅದು ನನ್ನ ಮೇಜಿನ ಮೇಲಿತ್ತು, ಮಾರಾಟಕ್ಕೆ.

ನನಗೆ ಅದು ಬೇಕಿತ್ತು. ಆ ಹೊಲಿಗೆಮನೆಯ ಉಡುಪುಗಳು ಹರಾಜಿನಲ್ಲಿ ನನ್ನಂಥವರ ಕೈಗೆಟುಕುವುದಿಲ್ಲ. ಬೆಲೆ ಇಳಿಯಬೇಕಾದರೆ ಉಡುಪಿಗೊಂದು ಕಳಂಕ ಬೇಕು, ಆ ಕಳಂಕ ಹಚ್ಚುವ ಪೆನ್ನು ನನ್ನ ಕೈಯಲ್ಲೇ ಇತ್ತು. ಬರೆದೆ: ‘ಎಡಗರಿಯ ಕಸೂತಿ ಬೇರೆ ಕೈಯದು, ನಂತರದ ಕಾಲದ ದುರಸ್ತಿ.’ ಮೊದಲರ್ಧ ನಿಜ, ಕೊನೆಯರ್ಧ ಶುದ್ಧ ಸುಳ್ಳು. ಹರಾಜುಮನೆಯ ಯಜಮಾನರು ಗೌನಿನ ಕಡೆ ತಿರುಗಿಯೂ ನೋಡದೆ ನನ್ನ ಸಹಿ ನೋಡಿ ಬೆಲೆಯನ್ನು ಅರ್ಧಕ್ಕಿಳಿಸಿದರು.

ಆ ಸಂಜೆ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆಗಲಿಲ್ಲ, ಅಮ್ಮನಿಗೆ ಹೇಳಿಬಿಟ್ಟೆ. ವರದಿಯ ಸಂಗತಿ ಬಿಟ್ಟು ಉಳಿದದ್ದೆಲ್ಲ. ಅಮ್ಮನಿಗೆ ಎಂಬತ್ತಮೂರು. ಕಣ್ಣಿಗೆ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ತಿಳಿಯುವುದಿಲ್ಲ, ಬೆರಳಿಗೆ ಎಲ್ಲ ತಿಳಿಯುತ್ತದೆ. ‘ಮುಟ್ಟೋಕೆ ಬಿಡ್ತಾರಾ?’ ಎಂದಳು.

‘ನಮ್ದೇ ಆದ್ರೆ ಬಿಡೋದೇನು, ಹೊದ್ದುಕೊಂಡು ಮಲ್ಕೋ.’

‘ಆ ಕೈನ ಕಟ್ಟಿ ಹಾಕ್ತಿದ್ದೆ ಕಣೆ ನಾನು. ತಪ್ಪಾಯ್ತು ಅಂತ ಹೇಳೋ ಮೊದ್ಲೇ ಹೋಗ್ಬಿಟ್ಲು. ಅದರ ಮೇಲೆ ಒಂದ್ಸಲ ಕೈಯಾಡಿಸಿ ಹೇಳ್ಬಿಡ್ತೀನಿ.’

ಸಿಬ್ಬಂದಿ ಹರಾಜು ಕೂಗುವ ಹಾಗಿಲ್ಲ. ನಮ್ಮ ಬೀದಿಯ ಇಸ್ತ್ರಿ ಅಂಗಡಿಯವರನ್ನು ಒಪ್ಪಿಸಿ, ನನ್ನ ಉಳಿತಾಯವೆಲ್ಲ ಎಷ್ಟೆಂದು ಕಿವಿಯಲ್ಲಿ ಹೇಳಿ ಕಳಿಸಿದೆ. ಪಾಪ, ಅವರು ತಮ್ಮ ಅಂಗಿಗೇ ಮೂರು ಸಲ ಇಸ್ತ್ರಿ ಹಾಕಿಕೊಂಡು ಬಂದಿದ್ದರು. ನಂಬರಿನ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದಿನ ಸಾಲಿನಲ್ಲೇ ಕೂತರು. ನಾನು ಪಕ್ಕದ ಬಾಗಿಲಲ್ಲಿ ನಿಂತಿದ್ದೆ. ಉಳಿದವರು ‘ದುರಸ್ತಿ’ ಎಂಬ ಮಾತು ಓದಿ ಮೂಗು ಮುರಿದು ಸುಮ್ಮನಾದರು. ನನ್ನ ಲೆಕ್ಕ ಅಲ್ಲಿಯವರೆಗೆ ಸರಿಯಾಗಿಯೇ ಇತ್ತು. ಆಮೇಲೆ ಬೀರುವಮ್ಮ ಹಲಗೆ ಎತ್ತಿದಳು.

ಬೀರುವಮ್ಮ ಎಂದು ಹೆಸರಿಟ್ಟವಳು ನಾನೇ. ಹಳೆಯ ಉಡುಪು ಕೂಡಿಡುವವರಲ್ಲಿ ಆಕೆಯಷ್ಟು ಶ್ರದ್ಧೆಯವರು ಇನ್ನೊಬ್ಬರಿಲ್ಲ. ಮನೆ ತುಂಬ ಬೀರುಗಳು, ಒಂದನ್ನೂ ತೊಡುವುದಿಲ್ಲ, ಯಾರಿಗೂ ತೊಡಲು ಕೊಡುವುದಿಲ್ಲ. ಇಸ್ತ್ರಿಯವರು ನಾನು ಹೇಳಿದ ಮೊತ್ತ ದಾಟಿ ತಮ್ಮದೂ ಸ್ವಲ್ಪ ಸೇರಿಸಿ ಎರಡು ಸಲ ಕೂಗಿದರು. ಬೀರುವಮ್ಮ ಅವರ ಕಡೆ ತಿರುಗಿಯೂ ನೋಡಲಿಲ್ಲ. ಸುತ್ತಿಗೆ ಬಿತ್ತು.

‘ಸಿಗ್ಲಿಲ್ಲಮ್ಮ’ ಎಂದೆ ಮನೆಗೆ ಬಂದು.

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ‘ಹೋಗ್ಲಿ ಬಿಡು. ಎಲ್ಲೋ ಒಂದ್ಕಡೆ ಜೋಪಾನವಾಗಿ ಇರುತ್ತಲ್ಲ. ನಾನು ಸತ್ತ ಮೇಲೂ ಇರುತ್ತೆ. ಅಷ್ಟು ಸಾಕು.’

ಮೂರು ವಾರದ ನಂತರ ಬೀರುವಮ್ಮ ಹೇಳಿಕಳಿಸಿದಳು. ಹೋದೆ. ಪರದೆ ಎಳೆದ ತಣ್ಣನೆಯ ಕೋಣೆ, ಉದ್ದನೆಯ ಮೇಜು, ಬಿಳಿ ಹಾಸಿನ ಮೇಲೆ ಗೌನು ಬೋರಲಾಗಿ ಮಲಗಿತ್ತು. ಪಕ್ಕದಲ್ಲಿ ನನ್ನ ವರದಿ.

‘ನಿಮ್ಮ ಮಾತು ಅಂದ್ರೆ ನನಗೆ ಕಲ್ಲಿನ ಮೇಲೆ ಬರೆದ ಹಾಗೆ’ ಎಂದಳು ಬೀರುವಮ್ಮ. ‘ಬಲಗರಿಗೋಸ್ಕರ ಇದನ್ನ ತಗೊಂಡೆ, ದುರಸ್ತಿ ಇರೋ ಹಾಗೇ ಇಟ್ಕೊಳ್ಳಲ್ಲ. ಎಡಗರಿ ಪೂರ್ತಿ ಬಿಚ್ಚಿಬಿಡಿ. ಬಲಗರಿ ನೋಡ್ಕೊಂಡು ಅದೇ ಥರ ಹೊಸದಾಗಿ ಹಾಕಿಸ್ತೀನಿ. ನಿಮ್ಮಷ್ಟು ನಾಜೂಕಾಗಿ ಬಿಚ್ಚೋರು ಯಾರಿದ್ದಾರೆ?’

ಎಲ್ಲವನ್ನೂ ಹೇಳಿದೆ. ಅಕ್ಕ, ಅವಳ ಎಡಗೈ, ಎದುರುಬದುರು ಕೂತ ಇಬ್ಬರು, ಅಮ್ಮ, ಇಸ್ತ್ರಿಯವರು, ನನ್ನ ಸುಳ್ಳು, ಯಾವುದನ್ನೂ ಬಿಡಲಿಲ್ಲ. ದೀಪ ತರಿಸಿ, ಗೌನನ್ನು ಎತ್ತಿ ಆಡಿಸಿ, ಎರಡೂ ಗರಿ ಒಟ್ಟಿಗೆ ಹೊಳೆಯುವುದನ್ನು ತೋರಿಸಿದೆ. ಬೀರುವಮ್ಮ ನಡುವೆ ಬಾಯಿ ಹಾಕದೆ ಕೇಳಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕೊನೆಗೆ ಒಂದು ಬಿಳಿ ಹಾಳೆಯನ್ನೂ ಪೆನ್ನನ್ನೂ ನನ್ನ ಮುಂದಿಟ್ಟಳು. ‘ಈಗ ಹೇಳಿದ್ದನ್ನೇ ಬರೆದುಕೊಡಿ. ಹಳೇ ವರದಿ ಸುಳ್ಳು, ಬೇಕಂತಲೇ ಬರೆದೆ ಅಂತ. ಸಹಿ ಹಾಕಿ. ಅದನ್ನ ನಿಮ್ಮ ಯಜಮಾನರಿಗೆ ಕಳಿಸಿ ದಾಖಲೆ ತಿದ್ದಿಸ್ತೀನಿ. ಗರಿ ಹಾಗೇ ಇರುತ್ತೆ. ನಿಮ್ಮಮ್ಮನ್ನ ಯಾವತ್ತು ಬೇಕಾದ್ರೂ ಕರ್ಕೊಂಡು ಬನ್ನಿ, ಕೈ ತೊಳ್ಕೊಂಡು ಮುಟ್ಲಿ.’

ಇದಕ್ಕಿಂತ ನ್ಯಾಯವಾದ ಮಾತನ್ನು ಯಾರೂ ಆಡಲಾರರು. ನಾನು ಪೆನ್ನು ಹಿಡಿದೆ. ಅಮ್ಮನ ಔಷಧಿ, ಮನೆ ಬಾಡಿಗೆ, ಈ ವಯಸ್ಸಿನಲ್ಲಿ ಯಾರು ಕೆಲಸ ಕೊಡುತ್ತಾರೆ ಎಂದು ಆಮೇಲೆ ನನಗೆ ನಾನೇ ಎಷ್ಟೋ ಸಲ ಸಮಜಾಯಿಷಿ ಕೊಟ್ಟುಕೊಂಡಿದ್ದೇನೆ. ಆ ಗಳಿಗೆಯಲ್ಲಿ ಅದ್ಯಾವುದೂ ನೆನಪಾಗಲಿಲ್ಲ. ನೆನಪಾದವಳು ಪೆಟ್ಟಿಗೆ ಎಸೆದು ಹೋದ ಆ ಹೆಂಗಸು. ಸುದ್ದಿ ಅವಳ ಕಿವಿಗೆ ಬೀಳುತ್ತದೆ, ಅವಳು ನಗುತ್ತಾಳೆ ಎಂದು ಅನ್ನಿಸಿತು. ಅಷ್ಟೇ. ಪೆನ್ನು ಕೆಳಗಿಟ್ಟೆ.

‘ಬೇಡ’ ಎಂದೆ.

‘ಏನು ಬೇಡ?’

‘ವರದಿ ಸರಿಯಾಗೇ ಇದೆ. ಬಿಚ್ಚಿಕೊಡ್ತೀನಿ.’

‘ಮತ್ತೆ ಅಕ್ಕನ ಕಥೆ?’

‘ನನ್ನ ನಾಲಿಗೆ ಸರಿಯಿಲ್ಲ. ಎಲ್ಲರಿಗೂ ಗೊತ್ತು.’

ಬೀರುವಮ್ಮ ನನ್ನ ಮುಖವನ್ನೇ ದಿಟ್ಟಿಸಿ ನೋಡಿ, ಹಾಳೆಯನ್ನು ವಾಪಸು ತೆಗೆದುಕೊಂಡಳು. ಬಿಚ್ಚಿದ ದಾರವನ್ನು ನಾನು ಒಯ್ಯಬಹುದೇ ಎಂದು ಕೇಳಿದೆ. ಒಯ್ಯಿ ಎಂದಳು.

ನಾಲ್ಕು ಹಗಲು ಬೇಕಾಯಿತು. ಇಷ್ಟು ಹಳೆಯ ಕಸೂತಿ ಸಾಮಾನ್ಯವಾಗಿ ಅಲ್ಲಲ್ಲಿ ಸಡಿಲಾಗಿರುತ್ತದೆ, ಒಂದು ತುದಿ ಸಿಕ್ಕರೆ ಸರಸರ ಬರುತ್ತದೆ. ಅಕ್ಕನದು ಬರಲಿಲ್ಲ. ಒಂದೊಂದು ಎಳೆಯ ಕೊನೆಗೂ ಆ ಮೂರು ಹೊಲಿಗೆ, ಮೇಲೊಂದು ಅಡ್ಡ ಹೊಲಿಗೆ, ಬಿಗಿಯಾಗಿ ಕಚ್ಚಿಕೊಂಡು ಕೂತಿದ್ದವು. ನೂರಾರು ಕಡೆ ಕತ್ತರಿಯ ಮೊನೆ ತೂರಿಸಿ ಕತ್ತರಿಸಿದೆ. ಮೂರನೆಯ ದಿನ ಅವಳ ಮೇಲೇ ಸಿಟ್ಟು ಬಂತು. ಯಾರು ನೋಡುತ್ತಾರೆಂದು ಇಷ್ಟು ಗಟ್ಟಿಯಾಗಿ ಹೊಲಿದೆಯೇ ಪುಣ್ಯಾತ್ಗಿತ್ತಿ ಎಂದು ಬಾಯಿಬಿಟ್ಟೇ ಬೈದೆ, ಬೈಯುತ್ತ ಅತ್ತೆ. ಕಣ್ಣೀರು ರೇಷ್ಮೆಗೆ ಬೀಳಬಾರದೆಂದು ಮುಖ ಪಕ್ಕಕ್ಕೆ ತಿರುಗಿಸಿಕೊಂಡೆ. ಮೂವತ್ತೊಂದು ವರ್ಷದ ಅಭ್ಯಾಸ ನೋಡಿ.

ಗರಿ ಹೋದ ಜಾಗದಲ್ಲಿ ರೇಷ್ಮೆಯ ಬಣ್ಣ ಮಾಸಿರಲಿಲ್ಲ, ಬೆಳಕೇ ತಾಗದ ಹಸಿರು. ಸೂಜಿಯ ತೂತುಗಳು ಒಂದೇ ಸಲದವು. ಅವುಗಳ ನಡುವೆ ಅದಕ್ಕಿಂತ ಹಳೆಯ ಹೊಲಿಗೆಯ ಗುರುತು ಒಂದೂ ಇಲ್ಲ. ಅದು ದುರಸ್ತಿಯಲ್ಲ, ಮೊದಲ ಕೆಲಸವೇ ಎನ್ನುವುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಬಿಚ್ಚಿದ ಮೇಲಷ್ಟೇ ಕಾಣುವ ಸಾಕ್ಷಿ. ಬೀರುವಮ್ಮ ಬಂದು ನೋಡಿ, ಕೆಲಸ ನಾಜೂಕಾಗಿದೆ ಎಂದಳು.

ದಾರದ ತುಂಡುಗಳನ್ನು ತಗಡಿನ ಡಬ್ಬಿಯಲ್ಲಿ ತುಂಬಿಕೊಂಡು ಮನೆಗೆ ಹೋದೆ. ಆ ಮನೆಯವರು ಕೊಟ್ಟರು, ಗೌನಿನಲ್ಲಿ ಸಡಿಲಾಗಿ ಉದುರಿದ ದಾರ ಎಂದು ಹೇಳುವುದೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಅಮ್ಮ ಮುಚ್ಚಳ ತೆಗೆದು ಬೆರಳಿಳಿಸಿದಳು. ಒಂದು ತುಂಡು ಎತ್ತಿ ತುದಿಯಿಂದ ತುದಿಗೆ ಸವರಿದಳು. ಇನ್ನೊಂದು ಎತ್ತಿದಳು. ತುದಿಯಲ್ಲಿದ್ದ ಆ ಮೂರು ಹೊಲಿಗೆಯ ಸುಕ್ಕಿನ ಮೇಲೆ ಅವಳ ಹೆಬ್ಬೆರಳು ನಿಂತಿತು.

‘ಇದು ಉದುರಿದ್ದಲ್ಲ’ ಎಂದಳು, ನಾನು ಬಾಯಿ ತೆರೆಯುವ ಮೊದಲೇ. ‘ಕತ್ತರಿ ಹಾಕಿದ್ದು. ಯಾರು?’

ಅಮ್ಮನ ಬೆರಳಿಗೆ ಸುಳ್ಳು ಹೇಳಲು ನನ್ನಿಂದಾಗಲಿಲ್ಲ. ‘ನಾನು’ ಎಂದೆ. ಉಳಿದದ್ದನ್ನೂ ಹೇಳಿದೆ, ವರದಿಯನ್ನು, ಬಿಳಿ ಹಾಳೆಯನ್ನು.

ಅಮ್ಮ ಒಂದೊಂದೇ ತುಂಡನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

‘ನಾನು ಆ ಕೈನ ಕಟ್ಟಿದ್ದೆ ಅಷ್ಟೇ’ ಎಂದಳು. ‘ನೀನು ಕಡಿದೆ.’

ಅದಾದ ಮೇಲೆ ಏಳು ತಿಂಗಳು ಬದುಕಿದ್ದಳು. ಊಟ ಬಡಿಸಿದರೆ ಉಂಡಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಡಬ್ಬಿಯನ್ನು ದಿಂಬಿನ ಪಕ್ಕ ಇಟ್ಟುಕೊಂಡಿದ್ದಳು, ಅದನ್ನು ನನ್ನ ಕೈಗೆ ಮಾತ್ರ ಒಮ್ಮೆಯೂ ಕೊಡಲಿಲ್ಲ.

ಕಳೆದ ವಾರ ಬೀರುವಮ್ಮ ಆ ಗೌನನ್ನು ಮತ್ತೆ ಹರಾಜಿಗೆ ಕಳಿಸಿದ್ದಾಳೆ. ಎತ್ತಿ ಆಡಿಸಿ ನೋಡಿದೆ. ಬಲಗರಿ ಹೊಳೆಯಿತು. ಹೊಸ ಎಡಗರಿ, ಒಳ್ಳೆಯ ದಾರ, ಅಚ್ಚುಕಟ್ಟಾದ ಬಲಗೈ ಕೆಲಸ, ಹೊಳೆಯಲಿಲ್ಲ. ಒಳಮೈಯಲ್ಲಿ ಪ್ರತಿ ಎಳೆಗೂ ಒಂದೊಂದು ಗಂಟು. ವರದಿ ಬರೆಯಬೇಕಾಗಿತ್ತು. ಹಳೆಯ ಕಡತ ತೆಗೆಸಿ ನನ್ನ ವಾಕ್ಯವನ್ನು ಮುಂದಿಟ್ಟುಕೊಂಡೆ: ‘ಎಡಗರಿಯ ಕಸೂತಿ ಬೇರೆ ಕೈಯದು, ನಂತರದ ಕಾಲದ ದುರಸ್ತಿ.’ ಅದನ್ನೇ ನಕಲು ಮಾಡಿದೆ. ಒಂದಕ್ಷರವನ್ನೂ ತಿದ್ದಬೇಕಾಗಲಿಲ್ಲ. ಕೆಳಗೆ ಸಹಿ ಹಾಕಿದೆ.